ಕೊನೆ ಭಾಗದ ನೀರಿಗೂ ಚಿಂತಕರ ಚಾವಡಿಗೂ ಏನು ಸಂಬಂಧ?

"ಕಾಡಾ (ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ) ಇದೆ, ನೀರಾವರಿ ನಿಗಮ ಇದೆ, ಇಷ್ಟೊಂದು ಅಧಿಕಾರಿಗಳಿದ್ದಾರೆ. ಮತ್ತೆ ಈ ಚಿಂತಕರ ಚಾವಡಿಗಳು, ಅಂದರೆ ನೀತಿ ಅಧ್ಯಯನ ಮಾಡುವ ಥಿಂಕ್ ಟ್ಯಾಂಕ್‌ಗಳು, ಯಾಕೆ ಬೇಕು?" ದಾವಣಗೆರೆಯಲ್ಲಿ ನೀತಿ ಅಧ್ಯಯನದ ಮಾತು ಬಂದಾಗಲೆಲ್ಲ ಏಳುವ ಪ್ರಶ್ನೆ ಇದು.

ಭದ್ರಾ ನಾಲೆಯನ್ನೇ ತಗೊಳ್ಳಿ. "ಕೊನೆ ಭಾಗಕ್ಕೆ ನೀರು ಬರುತ್ತಿಲ್ಲ" ಎಂಬುದು ನಿಜವಾದ ಗೋಳು. ಆದರೆ ಅದರ ಮೇಲೆ ಯಾವ ಅಧಿಕಾರಿಯೂ ಆದೇಶ ಬರೆಯಲಾರರು. ಹೂಳು ಕಾರಣವಾದರೆ ದುರಸ್ತಿಗೆ ಅಂದಾಜುಪಟ್ಟಿ ಬೇಕು. ಮೇಲ್ಭಾಗದ ಅಕ್ರಮ ಪಂಪ್‌ಸೆಟ್ ಕಾರಣವಾದರೆ ವಿದ್ಯುತ್ ಕಂಪನಿ, ಪೊಲೀಸರು ಬರಬೇಕು. ಭತ್ತದ ಗದ್ದೆ ಅಡಿಕೆ ತೋಟವಾಗಿದ್ದರೆ ನೀರು ಬಿಡುವ ವೇಳಾಪಟ್ಟಿಯನ್ನೇ ಮತ್ತೆ ನೋಡಬೇಕು. ಯಾವ ಕಾರಣದ ಪಾಲು ಎಷ್ಟು ಎಂದು ಬಿಡಿಸಿ ತೋರಿಸುವುದೇ ಚಿಂತಕರ ಚಾವಡಿಯ ಕೆಲಸ.

ಹೇಗೆ? ಉಪನಾಲೆಗೆ ಬಿಟ್ಟ ನೀರಿನ ದಿನವಾರು ಲೆಕ್ಕವನ್ನು ಸರ್ವೆ ನಂಬರ್‌ವಾರು ಬೆಳೆ ಸಮೀಕ್ಷೆಯ ಪಕ್ಕ ಇಡಬೇಕು. ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ: 10 ರೂಪಾಯಿ ಶುಲ್ಕ, 30 ದಿನ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ. ಎರಡು ವಿಷಯ ಸೇರಿಸಿದರೆ ಮೊದಲನೆಯದಕ್ಕಷ್ಟೇ ಉತ್ತರ ಕೊಟ್ಟು, ಉಳಿದದ್ದಕ್ಕೆ ಬೇರೆ ಅರ್ಜಿ ಹಾಕಿ ಎನ್ನಬಹುದು. ಆಮೇಲೆ ತಲೆ, ನಡು, ಕೊನೆ ಮೂರೂ ಕಡೆಯ ತೂಬುಗಳಿಗೆ ಹೋಗಿ ನೀರು ಬಿಡುವ ನೀರಗಂಟಿಗಳನ್ನು ಕೇಳಬೇಕು. ಕಾಗದದ ಲೆಕ್ಕ ತಪ್ಪಿರುವುದು ಗೊತ್ತಾಗುವುದು ಅಲ್ಲೇ.

ಅಧ್ಯಯನ ಕೆಡುವುದೂ ಇಲ್ಲೇ. ಕಾರು ಹೋಗುವ ರಸ್ತೆ ಬದಿಯ ಊರುಗಳನ್ನಷ್ಟೇ ನೋಡಿ ಬರುತ್ತಾರೆ. ಪಹಣಿಯಲ್ಲಿ ಹೆಸರಿದ್ದವರನ್ನು ಕೇಳುತ್ತಾರೆ, ಗುತ್ತಿಗೆಗೆ ಉಳುವವರು ಬಿಟ್ಟುಹೋಗುತ್ತಾರೆ. ನೀರು ಬಿಡುವುದನ್ನು ತೀರ್ಮಾನಿಸುವ ನೀರಾವರಿ ಸಲಹಾ ಸಮಿತಿಯ ಸಭೆ ಮುಗಿದ ಮೇಲೆ ವರದಿ ಕೊಡುತ್ತಾರೆ. ಆ ಹಂಗಾಮಿಗೆ ಅದು ರದ್ದಿ.

ಹೀಗೆ ಗೋಳನ್ನು ಲೆಕ್ಕಕ್ಕೆ ಇಳಿಸಿದ ದೊಡ್ಡ ಉದಾಹರಣೆ, ಪ್ರಾದೇಶಿಕ ಅಸಮಾನತೆ ಕುರಿತ ಅರ್ಥಶಾಸ್ತ್ರಜ್ಞ ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ. ಅದು ಸರ್ಕಾರಿ ಸಮಿತಿ, ನಿಜ; ಕೆಲಸದ ರೀತಿ ಮಾತ್ರ ಇದೇ. 35 ಸೂಚಕಗಳಿಂದ ಆಗಿನ 175 ತಾಲ್ಲೂಕುಗಳನ್ನು ಅಳೆದು, 114 ಹಿಂದುಳಿದಿವೆ, ಅದರಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ಗುರುತಿಸಿತು. 8 ವರ್ಷಕ್ಕೆ 31,000 ಕೋಟಿ ರೂಪಾಯಿಯ ವಿಶೇಷ ಯೋಜನೆಯನ್ನೂ ಹೇಳಿತು. "ನಮ್ಮ ತಾಲ್ಲೂಕನ್ನು ಕಡೆಗಣಿಸಿದ್ದಾರೆ" ಎನ್ನುತ್ತಿದ್ದವರ ಕೈಗೆ ಆ ಅಂಕಿ ಇವತ್ತಿಗೂ ವಾದದ ಆಧಾರ.

ಆದ್ದರಿಂದ ಯಾವುದೇ ವರದಿ ಕೈಗೆ ಬಂದರೆ ಮೊದಲು ಶಿಫಾರಸಿನ ಪುಟ ತೆಗೆಯಿರಿ. ಯಾವ ಆದೇಶ ತಿದ್ದಬೇಕು, ಯಾರು ಸಹಿ ಹಾಕಬೇಕು, ದುಡ್ಡು ಬಜೆಟ್ಟಿನ ಯಾವ ಲೆಕ್ಕಶೀರ್ಷಿಕೆಯಿಂದ ಎಂದು ಬರೆದಿದೆಯೇ? ಅಧ್ಯಯನಕ್ಕೆ ಹಣ ಕೊಟ್ಟವರು ಯಾರೆಂದು ಹೇಳಿದ್ದಾರೆಯೇ? "ರೈತರಲ್ಲಿ ಜಾಗೃತಿ ಮೂಡಿಸಬೇಕು" ಎಂದಷ್ಟೇ ಇದ್ದರೆ, ಬರೆದವರು ಕೊನೆಯ ತೂಬಿನವರೆಗೆ ಹೋಗಿಲ್ಲ.