ಮೂರನೆಯ ಕೋಣಕ್ಕೆ ಕೊಂಬು ಬಂತು

ಹದಿನೇಳು ದಿನಗಳ ನಂತರ ನನ್ನ ಪುಟ್ಟ ಮಾದರಿ ಕೋಣದ ತಲೆಯಲ್ಲಿ ಕೊಂಬು ನಿಂತಿದೆ. ಎರಡೂ ಕಡೆ, ಒಂದೇ ಎತ್ತರದಲ್ಲಿ. ಮೇಜನ್ನು ಅಲುಗಾಡಿಸಿ ನೋಡಿದೆ, ಬೀಳಲಿಲ್ಲ.

ಕೋಣ ಸೇರಬೇಕಾದ ಡಯೊರಾಮಾ (ಒಂದು ದೃಶ್ಯದ ಪುಟ್ಟ ಮಾದರಿ) ಕಬನಾಟುವಾನ್‌ನದು, ಅಳತೆ 1:35, ಅಂದರೆ ನಿಜದ ಗಾತ್ರದ ಮೂವತ್ತೈದರಲ್ಲಿ ಒಂದು ಪಾಲು. ಫಿಲಿಪೀನ್ಸ್‌ನ ಲುಝಾನ್ ದ್ವೀಪ, 1945ರ ಜನವರಿ 30ರ ರಾತ್ರಿ. ಜಪಾನೀಯರು ನಡೆಸುತ್ತಿದ್ದ ಯುದ್ಧಕೈದಿ ಶಿಬಿರಕ್ಕೆ ನುಗ್ಗಿ 500ಕ್ಕೂ ಹೆಚ್ಚು ಮಂದಿಯನ್ನು ಬಿಡಿಸಿಕೊಂಡು ಬಂದ ಪ್ರಸಂಗ. ಈ ಪ್ರಸಂಗವನ್ನು ಕೈಗೆತ್ತಿಕೊಂಡವರೆಲ್ಲ ಮಾಡುವುದು ಶಿಬಿರದ ಗೇಟು ಮತ್ತು ದಾಳಿ ಮಾಡಿದ ಅಮೆರಿಕದ ವಿಶೇಷ ಪಡೆಯ ರೇಂಜರ್‌ಗಳನ್ನು. ನನಗೆ ಬೇಕಾದದ್ದು ಅದರ ನಂತರದ ಗಳಿಗೆ: ನಡೆಯಲಾರದ ಕೈದಿಗಳನ್ನು ಹೇರಿಕೊಂಡ ಗಾಡಿ ಪಂಪಂಗಾ ನದಿ ದಾಟಿ ಪ್ಲಾಟೆರೊ ಹಳ್ಳಿಗೆ ಬರುವುದು. ಗಾಡಿಗಳನ್ನು ಹೊಂದಿಸಿದವರು ಗೆರಿಲ್ಲಾ ನಾಯಕ ಕ್ಯಾಪ್ಟನ್ ಹುವಾನ್ ಪಹೋಟಾ ಅವರ ಕಡೆಯವರು ಮತ್ತು ಊರ ಜನ. ದಾರಿಯುದ್ದಕ್ಕೂ ಸೇರುತ್ತಾ ಹೋಗಿ ಕೊನೆಗೆ ಗಾಡಿಗಳ ಸಂಖ್ಯೆ ನೂರು ದಾಟಿತು. ನಾನು ಮಾಡುತ್ತಿರುವುದು ಒಂದೇ ಒಂದು. ಅದೇ ನನ್ನ ಪ್ರಾಣ ಹಿಂಡಿತು.

ಗಾಡಿ ಎಳೆಯುವುದು ಕರಬಾವ್, ಅಲ್ಲಿನ ಕೋಣ. ಅಂಗಡಿಯ ಮಾದರಿ ಪೆಟ್ಟಿಗೆಗಳಲ್ಲಿ ನನಗೆ ಸಿಗಲೇ ಇಲ್ಲ. 'ಎಮ್ಮೆಗಳ ಸೆಟ್' ಎಂದು ಮಾರಾಟಗಾರನೊಬ್ಬ ಆರು ವಾರ ಕಾಯಿಸಿ ಕಳಿಸಿದ್ದು ನಾಲ್ಕು ಸೀಮೆಹಸುಗಳನ್ನು. ದೂರಿದರೆ 'ಕಪ್ಪು ಬಣ್ಣ ಬಳಿದುಕೊಳ್ಳಿ' ಎಂಬ ಉತ್ತರ ಬಂತು. ಅವುಗಳಲ್ಲಿ ಒಂದರ ಕೆಚ್ಚಲನ್ನು ಕತ್ತರಿಸಿ, ಪುಟ್ಟಿ ತುಂಬಿ ಹೊಟ್ಟೆ ಬೆಳೆಸಿದೆ. ಕೊಂಬಿಗೆ ಮಾದರಿಯಾಗಿ ಪಕ್ಕದ ಬೀದಿಯ ಮುರ್ರಾ ಎಮ್ಮೆಯ ಚಿತ್ರ ತೆಗೆದುಕೊಂಡೆ. ಇಡೀ ವಾರ ಹಾಳಾದದ್ದು ಅಲ್ಲಿಯೇ. ಮುರ್ರಾದ ಕೊಂಬು ಜಿಲೇಬಿಯಂತೆ ಸುರುಳಿ. ಕರಬಾವ್ ಜೌಗುನೆಲದ ಜಾತಿ. ಅದರ ಕೊಂಬು ಪಕ್ಕಕ್ಕೆ ಚಾಚಿ, ಹಿಂದಕ್ಕೆ ಅರ್ಧಚಂದ್ರದಂತೆ ಬಾಗುತ್ತದೆ. ಕತ್ತಿನ ಕೆಳಗೆ ಬಿಳಿಯ ಪಟ್ಟೆಯೂ ಇರುತ್ತದೆ. ಮೊದಲನೆಯ ಕೋಣ ಡಬ್ಬಿ ಸೇರಿತು.

ಎರಡನೆಯದಕ್ಕೆ ಎರಡು ಬಿಡಿ ತಂತಿ ಚುಚ್ಚಿ ಪುಟ್ಟಿ ಮೆತ್ತಿದೆ. ಒಣಗಿದ ಮೇಲೆ ಬುಡದಲ್ಲಿ ಬಿರುಕು. ತೇಪೆ ಹಾಕಿದರೆ ಒಂದು ಕೊಂಬು ಸ್ವರ್ಗ ನೋಡುತ್ತದೆ, ಇನ್ನೊಂದು ಪಾತಾಳ. ನಿನ್ನೆ ಕೆಮ್ಮಿನ ಔಷಧಿ ಕುಡಿಯುವಾಗ ಬಾಟಲಿಯ ಮುಚ್ಚಳದ ಮೇಲೆ ಕಣ್ಣು ಬಿತ್ತು. ಮೂರನೆಯ ಕೋಣಕ್ಕೆ ಒಂದೇ ತಾಮ್ರದ ತಂತಿಯನ್ನು ಆ ಮುಚ್ಚಳಕ್ಕೆ ಸುತ್ತಿ ಬಾಗಿಸಿದೆ, ತಲೆಯಲ್ಲಿ ಅಡ್ಡಲಾಗಿ ತೂತು ಕೊರೆದು ಒಂದು ತುದಿಯಿಂದ ಇನ್ನೊಂದು ತುದಿಗೆ ದಾಟಿಸಿದೆ. ಪುಟ್ಟಿಯನ್ನು ಒಂದೇ ಸಲ ಮೆತ್ತದೆ ತೆಳ್ಳಗೆ ಎರಡು ಸುತ್ತು ಕೊಟ್ಟೆ. ಬುಡವನ್ನು ಅರದಿಂದ ಮುಮ್ಮೂಲೆಗೆ ತಂದು, ಸೂಜಿಯಿಂದ ಅಡ್ಡಗೆರೆ ಎಳೆದೆ. ಕೆಮ್ಮು ಮಾತ್ರ ಇನ್ನೂ ಹೋಗಿಲ್ಲ.

ಗಾಡಿಯ ಮೊದಲ ಪ್ರತಿಯನ್ನೂ ಮುರಿದೆ ಎಂದು ಒಪ್ಪಿಕೊಳ್ಳಬೇಕು. ಕೈ ತಾನಾಗಿಯೇ ನಡುವೆ ಮೂಕಿ ಇಟ್ಟು ಜೋಡೆತ್ತಿನ ನೊಗ ಕಟ್ಟಿಬಿಟ್ಟಿತ್ತು. ಅಲ್ಲಿ ಎರಡು ಗಳುಗಳ ನಡುವೆ ಒಂಟಿ ಕೋಣ, ಅದರ ಹೆಗಲಿಗೆ ಬಾಗಿದ ಗಿಡ್ಡ ನೊಗ.

ನಡುವೆ ತಲೆಗೆ ಇನ್ನೊಂದು ಹುಳ ಹೊಕ್ಕಿದೆ: ಕಾಬು ಸೇತುವೆ. ಶಿಬಿರದ ಮೇಲೆ ದಾಳಿ ನಡೆಯುತ್ತಿದ್ದಾಗ ಪಹೋಟಾ ಅವರ ಗೆರಿಲ್ಲಾಗಳು ಜಪಾನೀ ಪಡೆಯನ್ನು ತಡೆದು ನಿಲ್ಲಿಸಿದ ಜಾಗ. ಅವರ ಟೈಮ್ ಬಾಂಬಿಗೆ ಸೇತುವೆ ಉರುಳಲಿಲ್ಲ, ಆದರೆ ಟ್ಯಾಂಕುಗಳು ದಾಟಲಾಗದಷ್ಟು ದೊಡ್ಡ ತೂತು ಬಿತ್ತು. ಕೆಲವೇ ಗಂಟೆಗಳ ಹಿಂದೆ ಬಝೂಕಾ (ಹೆಗಲ ಮೇಲಿಟ್ಟು ರಾಕೆಟ್ ಹಾರಿಸುವ ಕೊಳವೆ) ಹಿಡಿಯಲು ಕಲಿತಿದ್ದ ಗೆರಿಲ್ಲಾ ಒಬ್ಬ ಟ್ಯಾಂಕುಗಳನ್ನೇ ಹೊಡೆದ. ಆ ತೂತನ್ನು 1:35ರಲ್ಲಿ ಮಾಡುವುದಾದರೆ ಮುರಿದ ಹಲಗೆಗಳಿಗೆ ಐಸ್‌ಕ್ರೀಮ್ ಕಡ್ಡಿ ಸಾಕೇ, ಹಗುರವಾದ ಬಾಲ್ಸಾ ಮರ ಬೇಕೇ? ಬೇಡ, ಮೊದಲು ಗಾಡಿ ಮುಗಿಯಲಿ.

ಉಳಿದಿರುವುದು ನಾಯಿ. ರೇಂಜರ್‌ಗಳು ಬರುವಾಗ ಸದ್ದಾಗಬಾರದೆಂದು ಹಳ್ಳಿಗರು ನಾಯಿಗಳ ಬಾಯಿ ಕಟ್ಟಿ, ಕೋಳಿಗಳನ್ನು ಕೂಡಿಹಾಕಿದ್ದರು. ಗಾಡಿಯ ಪಕ್ಕದಲ್ಲಿ ಅಂಥದೊಂದನ್ನು ನಿಲ್ಲಿಸಿದ್ದೇನೆ. ಹೊಲಿಗೆ ದಾರ ಕಟ್ಟಿದರೆ ಮೂತಿಗೆ ಹಡಗಿನ ಹಗ್ಗ ಸುತ್ತಿದಂತೆ ಕಾಣುತ್ತಿದೆ. ಎಳೆ ಬಿಡಿಸಿ ಮತ್ತೆ ಕಟ್ಟಬೇಕು.