ಹಳೆಯ ಸಿಂಥಸೈಜರ್‌ಗೆ ಹೊಸ ಬ್ಯಾಟರಿ

1983ರಲ್ಲಿ ಮಾರುಕಟ್ಟೆಗೆ ಬಂದ ಯಮಾಹಾ ಡಿಎಕ್ಸ್7 ಎಂಬ ಸಿಂಥಸೈಜರ್, ಅಂದರೆ ವಿದ್ಯುತ್ತಿನಿಂದ ನಾದ ಹುಟ್ಟಿಸುವ ಕೀಲಿಮಣೆ ವಾದ್ಯ, ನನ್ನ ಕೈಸೇರಿದ್ದು ಮದುವೆಮನೆಗಳಲ್ಲಿ ನುಡಿಸುತ್ತಿದ್ದ ಆರ್ಕೆಸ್ಟ್ರಾ ತಂಡವೊಂದು ಮುಚ್ಚಿದ ಮೇಲೆ. ಸ್ಟ್ಯಾನ್‌ಫರ್ಡ್‌ನ ಜಾನ್ ಚೌನಿಂಗ್ ರೂಪಿಸಿದ ಎಫ್‌ಎಂ ವಿಧಾನದಲ್ಲಿ (ಒಂದು ಅಲೆಯಿಂದ ಇನ್ನೊಂದರ ಕಂಪನವನ್ನು ಏರಿಳಿಸುವುದು) ಆರು ಆಪರೇಟರ್‌ಗಳಿಂದ, ಅಂದರೆ ಅಲೆ ಹುಟ್ಟಿಸುವ ಘಟಕಗಳಿಂದ, ನಾದ ಹುಟ್ಟಿಸುವ ಅದರ ಚಿಪ್‌ಗಳು ಇಂದಿಗೂ ಗಟ್ಟಿಯಾಗಿವೆ. ಬಳಲಿದ್ದು, 32 ಧ್ವನಿಗಳ ನೆನಪನ್ನು ಕಾಯುವ 3 ವೋಲ್ಟಿನ ಬಿಲ್ಲೆ ಬ್ಯಾಟರಿ. ಫಂಕ್ಷನ್ ಗುಂಡಿಯ ನಂತರ 14ನೆಯದನ್ನು ಒತ್ತಿ ನೋಡಿದಾಗ ಪರದೆಯಲ್ಲಿ 2.3 ಎಂದು ಮೂಡಿತು.

ಬ್ಯಾಟರಿಯ ಬೆಲೆ ಅತ್ಯಲ್ಪ. ಆದರೆ ಅದನ್ನು ತೆಗೆದ ಕ್ಷಣವೇ ನೆನಪು ಅಳಿಸಿಹೋಗುವುದರಿಂದ ನಿಜವಾದ ಕೆಲಸವಿರುವುದು ಅದಕ್ಕೂ ಮೊದಲು. ಹಿಂದಿನ ವಾದಕರು ಯಾವುದೋ ರೀಡ್ ವಾದ್ಯದ ಧ್ವನಿಯನ್ನು ತಿದ್ದಿ ತೀಡಿ, ಹತ್ತೇ ಅಕ್ಷರಗಳಿಗೆ ಜಾಗವಿರುವ ಹೆಸರಿನ ಸಾಲಿನಲ್ಲಿ ‘ಓಲಗ 2’ ಎಂದು ಇಂಗ್ಲಿಷ್ ಲಿಪಿಯಲ್ಲಿ ಬರೆದಿಟ್ಟಿದ್ದರು. ಕಾರ್ಖಾನೆಯ ಧ್ವನಿಗಳು ಎಲ್ಲಿ ಬೇಕಾದರೂ ಸಿಗುತ್ತವೆ. ಇದು ಕಳೆದರೆ ಕಳೆದಂತೆಯೇ. ವಾದ್ಯವನ್ನು ಕಂಪ್ಯೂಟರಿಗೆ ಜೋಡಿಸುವ ಮಿಡಿ ತಂತಿಯ ಮೂಲಕ ಎಲ್ಲ 32 ಧ್ವನಿಗಳನ್ನೂ ಕಂಪ್ಯೂಟರಿಗೆ ಇಳಿಸಿಕೊಂಡೆ. ಕಡತದ ಗಾತ್ರ ಸರಿಯಾಗಿ 4104 ಬೈಟ್ ಇದೆಯೇ ಎಂದು ಎರಡು ಬಾರಿ ನೋಡಿದೆ.

ಪ್ಲಗ್ ಕಿತ್ತು, ಮೇಲಿನ ಫಲಕವನ್ನು ಎತ್ತಿದಾಗ ಮೂಲೆಯಲ್ಲಿ ಮಂಟಪದ ಅಕ್ಷತೆಯ ಮೂರು ಕಾಳುಗಳಿದ್ದವು. ಬೋರ್ಡಿಗೆ ನೇರವಾಗಿ ಬೆಸೆದಿದ್ದ ಬ್ಯಾಟರಿಯ ಕಾಲುಗಳಿಂದ ಬೆಸುಗೆಯ ಸೀಸವನ್ನು ಹೀರುಪಂಪಿನಿಂದ ನಿಧಾನವಾಗಿ ತೆಗೆದೆ, ಏಕೆಂದರೆ ಅವಸರಪಟ್ಟರೆ ಹಳೆಯ ಬೋರ್ಡಿನ ತಾಮ್ರದ ಗೆರೆಯೇ ಎದ್ದುಬರುತ್ತದೆ. ಹೊಸ ಬ್ಯಾಟರಿಯ ಮೈಗೆ ಕಾವು ತಾಗಿಸುವುದು ಅಪಾಯ. ಆದ್ದರಿಂದ ಅಲ್ಲಿ ಹೋಲ್ಡರ್ ಒಂದನ್ನು ಬೆಸೆದು, ಹೊಸ ಸಿಆರ್2032 ಬಿಲ್ಲೆಯನ್ನು ಅದರೊಳಗೆ ತಳ್ಳಿದೆ. ಮುಂದಿನ ಸಲ ಬೆಸುಗೆಯ ಕಡ್ಡಿಯೇ ಬೇಕಾಗದು. ಮತ್ತೆ ವಿದ್ಯುತ್ ಕೊಡುವಾಗ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಮರೆಯುವಂತಿಲ್ಲ: ನನ್ನದು ಜಪಾನಿನ ಮಾರುಕಟ್ಟೆಗಾಗಿ ತಯಾರಾದ 100 ವೋಲ್ಟಿನದು, ನಮ್ಮ ಗೋಡೆಯಲ್ಲಿರುವುದು 230.

ಪರದೆ ಬೆಳಗಿತು, ಆದರೆ ಧ್ವನಿಗಳ ಹೆಸರುಗಳೆಲ್ಲ ಅರ್ಥವಿಲ್ಲದ ಗುರುತುಗಳಾಗಿದ್ದವು. ಕಡತವನ್ನು ಕಳುಹಿಸಿದರೂ ಏನೂ ಬದಲಾಗಲಿಲ್ಲ. ಎದೆ ಧಸಕ್ಕೆಂದಿತು. ನೆನಪಿನ ಮೇಲೆ ಹೊಸದನ್ನು ಬರೆಯದಂತೆ ತಡೆಯುವ ಮೆಮೊರಿ ಪ್ರೊಟೆಕ್ಟ್ ತೆಗೆಯುವುದನ್ನೇ ಮರೆತಿದ್ದೆ! ಅದನ್ನು ತೆಗೆದು ಇನ್ನೊಮ್ಮೆ ಕಳುಹಿಸಿದಾಗ ಹೆಸರುಗಳು ಸಾಲಾಗಿ ಹಿಂದಿರುಗಿದವು. ಕೀಲಿಮಣೆಯ ಕೆಲವು ಮನೆಗಳ ಕಾಂಟ್ಯಾಕ್ಟ್‌ಗಳನ್ನು ಇನ್ನೂ ಒರೆಸಬೇಕಿದೆ. ಮೇಲಿನ ಷಡ್ಜ ಈಗಲೂ ಒಮ್ಮೊಮ್ಮೆ ಕೈಕೊಡುತ್ತದೆ. ಆ ರಾತ್ರಿ ಮಾತ್ರ ಅದನ್ನು ಬಿಟ್ಟು ಉಳಿದ ಸ್ವರಗಳಲ್ಲೇ ‘ಓಲಗ 2’ ನುಡಿಸಿದೆ.