ದೇವರ ತಮಾಷೆ ಮಕ್ಕಳಿಗೆ ತೋರಿಸಬಹುದಾ?

2014ರ ಹಿಂದಿ ಸಿನಿಮಾ 'ಪಿಕೆ'ಯನ್ನು ಅಕ್ಕನ ಮಗನಿಗೆ ತೋರಿಸಬಹುದಾ ಅಂತ ಮನೆಯಲ್ಲಿ ಚರ್ಚೆ ಎದ್ದಿತ್ತು. ಅವನಿನ್ನೂ ಐದನೇ ಕ್ಲಾಸು. ಬಸವನಗುಡಿಯ ದೊಡ್ಡ ಗಣಪತಿಗೆ ಕೈ ಮುಗಿಯದೆ ದಿನ ಶುರು ಮಾಡದ ಅಮ್ಮ "ದೇವರನ್ನ ಆಡಿಕೊಳ್ಳೋದು ಮಗುಗೆ ಬೇಡ" ಅಂದರು. ಅಮ್ಮನ ಮಾತು ತಳ್ಳಿಹಾಕುವಂಥದ್ದಲ್ಲ. ಅದಕ್ಕೇ ಮೊದಲು ನಾನೊಬ್ಬಳೇ ಕೂತು ಇನ್ನೊಮ್ಮೆ ನೋಡಿದೆ.

ದೇವರ ಭಾಗದಲ್ಲಿ ನನಗೇನೂ ತೊಂದರೆ ಕಾಣಲಿಲ್ಲ. ಬೇರೆ ಗ್ರಹದಿಂದ ಬಂದ ನಾಯಕ ಪಿಕೆ ಕಾಲೇಜಿನ ಹೊರಗೆ ಮರದ ಬುಡದಲ್ಲಿ ಒಂದು ಕಲ್ಲು ಇಡುತ್ತಾನೆ. ಅದಕ್ಕೆ ಕೆಂಪು ಬಳಿದು, ಮುಂದೆ ಒಂದಿಷ್ಟು ಚಿಲ್ಲರೆ ಹಾಕುತ್ತಾನೆ. ಪರೀಕ್ಷೆಗೆ ಹೆದರಿದ ಹುಡುಗರು ತಾವಾಗಿಯೇ ಬಂದು ಅಡ್ಡ ಬೀಳುತ್ತಾರೆ, ಕಾಸು ಹಾಕುತ್ತಾರೆ. ಅಲ್ಲಿ ನಗು ಬರುವುದು ಭಕ್ತಿಯನ್ನು ನೋಡಿ ಅಲ್ಲ, ಭಯದಿಂದ ದುಡ್ಡು ಹುಟ್ಟುವುದನ್ನು ನೋಡಿ. ಇಂಥ ಪ್ರಶ್ನೆಗಳನ್ನು ನಮ್ಮ ವಚನಕಾರರು 12ನೇ ಶತಮಾನದಲ್ಲೇ ಕೇಳಿದ್ದಾರೆ. ಮಕ್ಕಳು ಅದನ್ನು ಶಾಲೆಯಲ್ಲೇ ಓದುತ್ತಾರೆ ಅಲ್ವಾ?

ಒಳಗೆ ಜೋಡಿ ಇದ್ದು ನಿಂತ ಕಾರು ಅಲ್ಲಾಡುವ ಜೋಕು ಮಾತ್ರ ಬೇಡವಾಗಿತ್ತು. ಅದಕ್ಕಿಂತ ಜಾಸ್ತಿ ಕಾಡಿದ್ದು ರೈಲ್ವೆ ಸ್ಟೇಷನ್ನಿನ ಬಾಂಬ್ ಸ್ಫೋಟ. ನಗುತ್ತಾ ಕೂತ ಮಗು ಅಲ್ಲಿ ಬೆಚ್ಚಿಬೀಳುತ್ತದೆ.

ಈ ಸಿನಿಮಾ ಬಂದಾಗ ಸೆನ್ಸಾರಿನವರು ಕೊಟ್ಟಿದ್ದು ಬರೀ ಯು/ಎ, ಅಂದರೆ ಚಿಕ್ಕ ಮಕ್ಕಳು ದೊಡ್ಡವರ ಮಾರ್ಗದರ್ಶನದಲ್ಲಿ ನೋಡಬೇಕು ಅಂತ. 2024ರಲ್ಲಿ ಬಂದ ನಿಯಮದಲ್ಲಿ ಅದನ್ನು ವಯಸ್ಸಿನ ಪ್ರಕಾರ 7+, 13+, 16+ ಅಂತ ಒಡೆದಿದ್ದಾರೆ. ಒಳ್ಳೆಯದೇ. ಆದರೆ ಯಾವ ಮಗು ಯಾವುದಕ್ಕೆ ಹೆದರುತ್ತದೆ ಅನ್ನೋದು ಮನೆಯವರಿಗೇ ಗೊತ್ತು. ನಮ್ಮವನು ಪಟಾಕಿ ಸದ್ದಿಗೂ ಕಿವಿ ಮುಚ್ಚಿಕೊಳ್ಳುತ್ತಾನೆ.

ಪೂರ್ತಿ ಸಿನಿಮಾ ಹೈಸ್ಕೂಲಿಗೆ ಬಂದಮೇಲೆ ನೋಡಲಿ. ಸದ್ಯಕ್ಕೆ ಆ ಕಲ್ಲಿನ ದೃಶ್ಯ ಒಂದನ್ನೇ ಹಾಕಿ ತೋರಿಸುತ್ತೇನೆ ಅಂದೆ, ಅಮ್ಮನೂ ಒಪ್ಪಿದರು.